ಬೆಳಕು ಕಂಡರೆ ತಪ್ಪು

ಕಳೆದ ತಿಂಗಳು ಊರಿನಲ್ಲಿ ಅಕ್ಕನ ಹೊಸ ಮನೆಯ ಗೃಹಪ್ರವೇಶವಿತ್ತು. ಮೂರನೇ ಪಂಕ್ತಿ ಎದ್ದ ಮೇಲೆ ಎಲೆ ಅಡಿಕೆ ಹಾಕಿಕೊಂಡು ತೆಂಗಿನ ಮರದ ನೆರಳಿಗೆ ಕುರ್ಚಿ ಎಳೆದುಕೊಂಡಿದ್ದೆ. ಅಕ್ಕನ ಮಗ ಬಂದು ಪಕ್ಕದಲ್ಲಿ ಕುಳಿತ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿದೆ. ಸ್ವಲ್ಪ ಹೊತ್ತು ಮೊಬೈಲ್ ತಿರುವಿ, ಯಾರೋ ಹೇಳಿ ಕಳುಹಿಸಿದವನಂತೆ ಕೇಳಿದ: "ಮಾವ, ಟೂಲ್ ರೂಮ್ ಕೆಲಸಕ್ಕೆ ಈಗ ಸ್ಕೋಪ್ ಇದೆಯಾ?"

ಯಾರೋ ಅಲ್ಲ, ಅಕ್ಕನೇ ಕಳುಹಿಸಿದ್ದಳು. ಅಡುಗೆಮನೆಯ ಕಿಟಕಿಯಲ್ಲಿ ಅವಳ ಮುಖ ಕಾಣುತ್ತಿತ್ತು.

ಸ್ಕೋಪ್! ನಮ್ಮ ಮನೆಗಳಲ್ಲಿ ಈ ಪದ ನಡೆಸಿದಷ್ಟು ಯಜಮಾನಿಕೆಯನ್ನು ಯಾವ ಅಜ್ಜನೂ ನಡೆಸಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದ 1985ರಲ್ಲಿ ಟಿಸಿಎಚ್‌ಗೆ ಸ್ಕೋಪ್ ಇತ್ತು. ಎರಡು ವರ್ಷ ಓದಿದರೆ ಮೇಷ್ಟರಾಗಬಹುದು, ಊರ ಹತ್ತಿರವೇ ಶಾಲೆ ಸಿಗಬಹುದು, ತೋಟವನ್ನೂ ನೋಡಿಕೊಳ್ಳಬಹುದು. ಆಮೇಲೆ ಸ್ಕೋಪ್ ಎಲೆಕ್ಟ್ರಾನಿಕ್ಸ್‌ಗೆ ಹೋಯಿತು, ಅಲ್ಲಿಂದ ಕಂಪ್ಯೂಟರ್‌ಗೆ ಹಾರಿತು, ಈಗ ಡೇಟಾ ಸೈನ್ಸ್ ಎಂಬಲ್ಲಿ ಬಿಡಾರ ಹೂಡಿದೆ. ಅದು ಜಾತ್ರೆಯ ತೇರಿದ್ದ ಹಾಗೆ. ಎಲ್ಲರೂ ಬಿದ್ದು ಎದ್ದು ಓಡಿ ಹಗ್ಗ ಹಿಡಿಯುವ ಹೊತ್ತಿಗೆ ತೇರು ಬೀದಿಯ ತುದಿ ಮುಟ್ಟಿ ನಿಂತಿರುತ್ತದೆ.

ನನಗೆ ಟಿಸಿಎಚ್ ಸೀಟು ಸಿಗಲಿಲ್ಲ. ಅಂಕ ಸಾಲಲಿಲ್ಲ, ಅಷ್ಟೇ. ಬಸ್ ಕಂಡಕ್ಟರ್ ಆಗಿದ್ದ ದೊಡ್ಡಪ್ಪನ ಮಗ ಅಪ್ಪನಿಗೆ ಹೇಳಿದ: ಬೆಂಗಳೂರಿನಲ್ಲಿ ಸರ್ಕಾರದ್ದೇ ಒಂದು ಟೂಲ್ ರೂಮ್ ತರಬೇತಿ ಕೇಂದ್ರವಿದೆ, ಡೆನ್ಮಾರ್ಕ್ ದೇಶದವರ ನೆರವಿನಿಂದ 1972ರಲ್ಲಿ ಶುರುವಾದದ್ದು, ನಾಲ್ಕು ವರ್ಷ ಕಲಿತರೆ ಕೈಯಲ್ಲಿ ಕಸುಬು ಇರುತ್ತದೆ. ಅಪ್ಪನಿಗೆ ಡೆನ್ಮಾರ್ಕ್ ಎಲ್ಲಿದೆ ಎಂದು ಗೊತ್ತಿರಲಿಲ್ಲ, ನನಗೆ ಟೂಲ್ ರೂಮ್ ಎಂದರೇನೆಂದು ಗೊತ್ತಿರಲಿಲ್ಲ. ಇಬ್ಬರೂ ಒಪ್ಪಿಕೊಂಡೆವು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮನೆಯ ಸ್ವಿಚ್ಚಿನೊಳಗಿನ ಹಿತ್ತಾಳೆ ಪಟ್ಟಿ, ಫ್ಯಾನಿನ ಮೋಟಾರಿನೊಳಗಿನ ತಗಡು, ಕುಕ್ಕರಿನ ಹಿಡಿಗೆ ಹಾಕುವ ಕ್ಲಿಪ್ಪು, ಇವನ್ನೆಲ್ಲ ಒಂದೊಂದಾಗಿ ಯಾರೂ ಕತ್ತರಿಸುವುದಿಲ್ಲ. ಪ್ರೆಸ್ ಯಂತ್ರದಲ್ಲಿ ಒಂದು ಅಚ್ಚು ಕೂರಿಸಿ ಲಕ್ಷಗಟ್ಟಲೆ ಒತ್ತುತ್ತಾರೆ. ಆ ಅಚ್ಚಿಗೆ ಟೂಲ್ ಎನ್ನುತ್ತಾರೆ, ಅದನ್ನು ಮಾಡುವ ಜಾಗ ಟೂಲ್ ರೂಮ್. ಅಮ್ಮನಿಗೆ ನಾನು ಹೇಳಿದ್ದು ಹೀಗೆ: "ಚಕ್ಕುಲಿ ಒರಳಿಗೆ ಹಾಕುವ ಬಿಲ್ಲೆ ಇದೆಯಲ್ಲ, ಅಂಥದ್ದನ್ನು ಕಬ್ಬಿಣದ ತಗಡಿಗೆ ಮಾಡುವವನು ನಾನು." ಅಮ್ಮನಿಗೆ ತಕ್ಷಣ ಅರ್ಥವಾಯಿತು. ಆದರೆ ಈಚಿನ ವರ್ಷಗಳಲ್ಲಿ ಮೊಮ್ಮಕ್ಕಳು ಎಡೆಬಿಡದೆ ಹೇಳುವ 'ಕೆರಿಯರ್' ಮಾತ್ರ ಅವಳಿಗೆ ಅರ್ಥವಾಗಲೇ ಇಲ್ಲ. ಅವಳಿಗೆ ಗೊತ್ತಿದ್ದದ್ದು ಮೂರು ಡಬ್ಬಿಯ ಊಟದ ಕ್ಯಾರಿಯರ್. "ಕ್ಯಾರಿಯರ್ ಚೆನ್ನಾಗಿರಬೇಕು ಅಂತ ಯಾಕಪ್ಪಾ ಇಷ್ಟೊಂದು ಯೋಚನೆ? ಸ್ಟೀಲಿನದು ತೆಗೆದುಕೊಂಡರಾಯಿತು" ಎಂದು ಒಮ್ಮೆ ಹೇಳಿ ಮನೆಯವರನ್ನೆಲ್ಲ ನಗಿಸಿದ್ದಳು.

ಡಿಪ್ಲೊಮಾ ಮುಗಿಸಿ 1989ರಲ್ಲಿ ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯಕ್ಕೆ ಬಂದೆ. ಶೀಟು ಹೊದಿಸಿದ ಷೆಡ್ಡು, ಎರಡು ಲೇತು, ಒಂದು ಮಿಲ್ಲಿಂಗ್, ಒಂದು ಷೇಪರ್, ಒಂದು ಸರ್ಫೇಸ್ ಗ್ರೈಂಡರ್. ಕಿಟಕಿಯ ಉದ್ದಕ್ಕೂ ಒಂದು ಬೆಂಚು, ಅದಕ್ಕೆ ಬಿಗಿದ, ಕಬ್ಬಿಣದ ತುಂಡನ್ನು ಕಚ್ಚಿ ಹಿಡಿಯುವ ಆರು ವೈಸ್‌ಗಳು. ಹದಿನಾಲ್ಕು ಜನ ಕೆಲಸಗಾರರು. ತಿಂಗಳಿಗೆ 850 ರೂಪಾಯಿ. ಇವರೆಲ್ಲರ ಮೇಲೆ ಒಬ್ಬ ಮೇಸ್ತ್ರಿ. ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು.

ಎಚ್‌ಎಂಟಿ ಎಂದರೆ ಈಗಿನವರಿಗೆ ಹಳೆಯ ವಾಚು ಮಾತ್ರ. ಬೆಂಗಳೂರಿನ ಉತ್ತರ ಭಾಗದವರಿಗೆ ಅದು ಒಂದು ವಿಶ್ವವಿದ್ಯಾಲಯವಾಗಿತ್ತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಯಂತ್ರ ಮಾಡುವ ಯಂತ್ರಗಳಿಗಾಗಿ ಶುರುವಾಗಿ, 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರಕ್ಕೆ ಕೈ ಹಾಕಿತು. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್, ಐಟಿಐ ಎಂಬ ಸರ್ಕಾರಿ ಕಾರ್ಖಾನೆಗಳಲ್ಲಿ ಪಳಗಿದ ಕೈಗಳು ಪೀಣ್ಯದ ಷೆಡ್ಡುಗಳಿಗೆ ಹರಿದು ಬಂದದ್ದರಿಂದಲೇ ಆ ಊರು ಊರಾಯಿತು. ನಮ್ಮ ಮೇಸ್ತ್ರಿ ಜಪಾನಿನವರಿಂದ ತಾವು ಕಲಿತದ್ದು ಎರಡೇ ಎನ್ನುತ್ತಿದ್ದರು: ಅಳೆಯುವ ಮುಂಚೆ ಕೈ ತೊಳೆಯುವುದು ಮತ್ತು ಅಳೆಯುವಾಗ ಮಾತನಾಡದಿರುವುದು.

ಮೊದಲ ದಿನ ನನ್ನ ಸರ್ಟಿಫಿಕೇಟುಗಳನ್ನು ಗೌರವದಿಂದಲೇ ನೋಡಿ, ಮಡಿಸಿ ವಾಪಸು ಕೊಟ್ಟರು. ಆಮೇಲೆ ಸ್ಕ್ರ್ಯಾಪ್ ಡಬ್ಬಿಗೆ ಕೈ ಹಾಕಿ 60 ಮಿಲಿಮೀಟರ್ ದಪ್ಪದ ದುಂಡು ಸರಳಿನ ತುಂಡೊಂದನ್ನು ತೆಗೆದು ಬೆಂಚಿನ ಮೇಲಿಟ್ಟರು. "ಏನಪ್ಪಾ ಡಿಪ್ಲೊಮಾ, ಇದನ್ನು 40 ಮಿಲಿಮೀಟರಿನ ಘನ ಮಾಡು. ಯಂತ್ರ ಮುಟ್ಟಬೇಡ. ಗರಗಸ, ಫೈಲು, ಅಷ್ಟೇ. ಪಾಳಿ ಮುಗಿದ ಮೇಲೆ ಮಾಡು, ಮಾಲೀಕರ ಸಮಯದಲ್ಲಿ ಅಲ್ಲ."

ನಾಲ್ಕು ವರ್ಷ ಇದನ್ನೇ ಮಾಡಿ ಬಂದಿದ್ದೇನೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. (ಇಲ್ಲಿ ಫೈಲು ಎಂದರೆ ಕಬ್ಬಿಣ ಉಜ್ಜುವ ಅರ. ಅಪ್ಪ ಊರಿನಲ್ಲಿ "ಮಗ ಬೆಂಗಳೂರಿನಲ್ಲಿ ದಿನವಿಡೀ ಫೈಲು ಹಿಡಿದು ಕೆಲಸ ಮಾಡುತ್ತಾನೆ" ಎಂದು ಹೇಳಿಕೊಂಡು ಓಡಾಡಿ, ನಾನು ವಿಧಾನಸೌಧದಲ್ಲಿ ಗುಮಾಸ್ತನಾಗಿದ್ದೇನೆ ಎಂಬ ಸುದ್ದಿ ಹಬ್ಬಿತ್ತು. ಒಬ್ಬರು ತಮ್ಮ ಜಮೀನಿನ ಪೋಡಿ ಮಾಡಿಸಿಕೊಡಲು ಕೇಳಿಕೊಂಡು ಬಂದಿದ್ದರು.)

ಅರ ಹಾಕುವುದು ನೋಡಲು ಸುಲಭ. ಮುಂದಕ್ಕೆ ತಳ್ಳು, ಹಿಂದಕ್ಕೆ ಎಳೆದುಕೋ. ತಳ್ಳುವಾಗ ಮೊದಲು ಎಡಗೈಯ ಭಾರ ಹೆಚ್ಚು ಬೀಳುತ್ತದೆ, ಕೊನೆಗೆ ಬಲಗೈಯದು. ಆ ಭಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹದವಾಗಿ ದಾಟಿಸದಿದ್ದರೆ ಅರ ತೊಟ್ಟಿಲಿನಂತೆ ತೂಗುತ್ತದೆ. ತೂಗಿದರೆ ಅಂಚುಗಳು ಸವೆದು ನಡುವೆ ಉಬ್ಬು ಉಳಿಯುತ್ತದೆ. ಕಣ್ಣಿಗೆ ಅದು ಕನ್ನಡಿಯಂತೆ ಸಪಾಟಾಗಿ ಕಾಣುತ್ತದೆ, ಬೆರಳಿಗೂ ಹಾಗೆಯೇ ಅನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತು. ಒಂದು ವಾರದ ಮೇಲೆ ಒಂದು ಮುಖ ಮುಗಿಯಿತೆಂದು ಒಯ್ದುಕೊಟ್ಟೆ.

ಮೇಸ್ತ್ರಿ ಕಿಟಕಿಯ ಹತ್ತಿರ ಹೋದರು. ಜೇಬಿನಿಂದ ಬಟ್ಟೆ ತೆಗೆದು ಆ ಮುಖವನ್ನೊಮ್ಮೆ ಒರೆಸಿದರು. ಮೂಲೆಮಟ್ಟದ ಅಲಗನ್ನು ಅದರ ಮೇಲಿಟ್ಟು, ಎರಡನ್ನೂ ಸೇರಿಸಿ ಕಣ್ಣಿನ ಎತ್ತರಕ್ಕೆ ಹಿಡಿದರು. ಅಲಗಿಗೂ ಕಬ್ಬಿಣಕ್ಕೂ ನಡುವೆ ಸಂದು ಇದ್ದರೆ, ಅದು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಇದ್ದರೂ, ಹಿಂದಿನ ಬೆಳಕು ಗೆರೆಯಾಗಿ ನುಸುಳುತ್ತದೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದರೆ ಲೆಕ್ಕ ಹಾಕಿಕೊಳ್ಳಿ.

"ಬೆಳಕು ಕಾಣುತ್ತಿದೆ" ಎಂದು ವಾಪಸು ಕೊಟ್ಟರು.

ಜಗತ್ತಿನಲ್ಲಿ ಎಲ್ಲ ಕಡೆ ಬೆಳಕು ಕಂಡರೆ ಶುಭ. ನಮ್ಮ ಬೆಂಚಿನಲ್ಲಿ ಮಾತ್ರ ಅದು ಬೈಗುಳ. ಆ ಐದು ವಾರಗಳಲ್ಲಿ ಆ ಎರಡು ಪದಗಳನ್ನು ನಾನು ಎಷ್ಟು ಸಲ ಕೇಳಿದೆನೋ. ಅವರು ಕೋಪ ಮಾಡಿಕೊಳ್ಳುತ್ತಿರಲಿಲ್ಲ, ಹೇಗೆ ಸರಿ ಮಾಡಬೇಕೆಂದೂ ಹೇಳುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಹಿಂದೆ ಬಂದು ನಿಂತು, ನನ್ನ ಸೊಂಟದ ಮೇಲೆ ಎರಡು ಬೆರಳು ಇಟ್ಟು, "ಭುಜದಿಂದ ತಳ್ಳಬೇಡ, ಇಲ್ಲಿಂದ ಬಾ" ಎಂದರು. ಅಷ್ಟೇ ಪಾಠ. ಮೊದಲನೆಯ ಘನ ತಿದ್ದಿ ತಿದ್ದಿ 39.6ಕ್ಕೆ ಇಳಿದುಹೋಯಿತು; ಒಂದು ಮುಖ ಸರಿಮಾಡಲು ಹೋದರೆ ಇನ್ನೊಂದರ ಮೂಲೆ ಕೆಡುತ್ತಿತ್ತು. ಅದು ಸ್ಕ್ರ್ಯಾಪ್ ಡಬ್ಬಿ ಸೇರಿತು. ಎರಡನೆಯದಕ್ಕೆ ಹೊಸ ತುಂಡು ಕೊಟ್ಟರು. ಅರದ ಹಲ್ಲಿಗೆ ಸೀಮೆಸುಣ್ಣ ಸವರಿದರೆ ಕಬ್ಬಿಣದ ಪುಡಿ ಕಚ್ಚಿಕೊಳ್ಳುವುದಿಲ್ಲ ಎಂಬುದು ತರಬೇತಿಯಲ್ಲೇ ಗೊತ್ತಿತ್ತು. ಎಷ್ಟು ಸವರಬೇಕೆಂದು ಗೊತ್ತಾದದ್ದು ಆ ಎರಡನೆಯ ತುಂಡಿನಲ್ಲಿ.

ಐದನೆಯ ವಾರದ ಶನಿವಾರ ಅವರು ಆರು ಮುಖಗಳನ್ನೂ ನೋಡಿದರು. ಕೊನೆಯ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದರು. ಆಮೇಲೆ ಸೆಂಟರ್ ಪಂಚ್ ತೆಗೆದುಕೊಂಡು, ಆ ಮುಖದ ನಡುವೆ ಒಂದೇ ಒಂದು ಚುಕ್ಕೆ ಹೊಡೆದು ನನ್ನ ಕೈಗಿಟ್ಟರು. ಪಾಸು. ಸೋಮವಾರದಿಂದ ನನ್ನನ್ನು ನಿಜವಾದ ಟೂಲಿನ ಮೇಲೆ ಕೂರಿಸಿದರು.

ಅರ್ಧ ಕಿಲೋ ತೂಕದ ಆ ಘನವನ್ನು ಊರಿಗೆ ಒಯ್ದಾಗ ಅಮ್ಮ ಅದನ್ನು ಎತ್ತಿ ನೋಡಿ, "ಶುಂಠಿ ಜಜ್ಜಲು ಚೆನ್ನಾಗಿದೆ" ಎಂದು ಅಡುಗೆಮನೆಗೆ ಸೇರಿಸಿದಳು. ಮದುವೆಯಾದ ಮೇಲೆ ಅದು ಹೆಂಡತಿಯ ಕೈಗೆ ಬಂತು. ಈಗಲೂ ಅಲ್ಲೇ ಇದೆ. ತುಕ್ಕು ಹಿಡಿಯದಂತೆ ಅವಳು ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತಾಳೆ.

ಆ ಮೇಲಿನ ಏಳೆಂಟು ವರ್ಷ ನಾನು ಕಲಿತದ್ದರಲ್ಲಿ ಒಂದನ್ನು ಹೇಳುತ್ತೇನೆ. ಕತ್ತರಿಸಿದ ತಗಡಿನ ಅಂಚನ್ನು ಓದುವುದು. ಅಚ್ಚಿನ ಮೇಲಿನ ಭಾಗವಾದ ಪಂಚ್ ಕೆಳಗಿಳಿದು, ಅದೇ ಆಕಾರದ ತೂತಿರುವ ಕೆಳಗಿನ ಭಾಗವಾದ ಡೈಯೊಳಗೆ ಹೋಗುವಾಗ ಎರಡರ ನಡುವೆ ಒಂದಿಷ್ಟು ಸಂದು ಬಿಡಬೇಕು. ಮಾಮೂಲಿ ಉಕ್ಕಿನ ತಗಡಿಗೆ ದಪ್ಪದ ಸುಮಾರು ನೂರಕ್ಕೆ 5ರಷ್ಟು, ಪ್ರತಿ ಬದಿಗೆ. ಮೋಟಾರಿನ ತಗಡು ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಸಂದು 25 ಮೈಕ್ರಾನ್. ತಲೆಗೂದಲನ್ನು ಉದ್ದಕ್ಕೆ ಮೂರಾಗಿ ಸೀಳಿದರೆ ಒಂದು ಪಾಲು. ಆ ಸಂದು ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಟೂಲ್ ಬಿಚ್ಚಬೇಕಾಗಿಲ್ಲ. ಕತ್ತರಿಸಿ ಬಿದ್ದ ಬಿಲ್ಲೆಯ ಅಂಚನ್ನು ಭೂತಗಾಜಿನಲ್ಲಿ ನೋಡಿದರೆ ಮೊದಲು ಹೊಳೆಯುವ ಪಟ್ಟಿ, ಅದರ ಪಕ್ಕದಲ್ಲಿ ಮಂಕಾದ ಒರಟು ಪಟ್ಟಿ ಕಾಣುತ್ತದೆ. ಹೊಳಪು ಮೂರನೇ ಒಂದು ಭಾಗದಷ್ಟಿದ್ದರೆ ಎಲ್ಲ ಕ್ಷೇಮ. ಹೊಳಪು ತೆಳುವಾಗಿ ಅಂಚಿಗೆ ಉಗುರು ತಾಗುವಂಥ ಚೂಪು ಎದ್ದಿದ್ದರೆ ಸಂದು ಹೆಚ್ಚಾಗಿದೆ. ಹೊಳಪು ಎರಡು ಕಡೆ ಬಿದ್ದಿದ್ದರೆ ಸಂದು ಕಡಿಮೆಯಾಗಿದೆ, ತಗಡು ಎರಡು ಸಲ ಕತ್ತರಿಸಿಕೊಂಡಿದೆ. ಮೇಸ್ತ್ರಿಗೆ ಭೂತಗಾಜೂ ಬೇಕಿರಲಿಲ್ಲ. ಹೆಬ್ಬೆರಳಿನ ಉಗುರನ್ನು ಅಂಚಿನ ಸುತ್ತ ಒಮ್ಮೆ ಎಳೆದು, "ಎಡ ಮೂಲೆಯಲ್ಲಿ ಪಂಚ್ ವಾಲಿದೆ" ಎನ್ನುತ್ತಿದ್ದರು. ನಾವು ಬಿಚ್ಚಿ ನೋಡಿದರೆ ವಾಲಿರುತ್ತಿತ್ತು. ಪುರೋಹಿತರು ಜಾತಕ ನೋಡಿ ಹೇಳಿದ್ದು ಇಷ್ಟು ಸಲ ನಿಜವಾದದ್ದನ್ನು ನಾನು ಕಂಡಿಲ್ಲ.

ಜಾತಕ ಎಂದಾಗ ನೆನಪಾಯಿತು. 1994ರಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಜ್ಜಿ "ಹುಡುಗ ಏನು ಮಾಡಿಕೊಂಡಿದ್ದಾನೆ?" ಎಂದು ಕೇಳಿದರು. ಅಪ್ಪ "ಅಚ್ಚು ಮಾಡುತ್ತಾನೆ" ಎಂದ. ಅಜ್ಜಿ ಬಹಳ ಸಹಜವಾಗಿ "ಬೆಲ್ಲದ್ದೋ?" ಎಂದರು. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅವಳನ್ನೇ ಮದುವೆಯಾದೆ.

ನಮ್ಮ ಷೆಡ್ಡಿಗೆ ವೈರ್ ಕಟ್ ಯಂತ್ರ ಬಂದದ್ದು 1996ರಲ್ಲಿ. ಅದಕ್ಕೆ ಮುಂಚೆ ಒಂದು ಡೈಯ ಒಳಗಿನ ಆಕಾರವನ್ನು ತೆಗೆಯಬೇಕೆಂದರೆ, ಗೆರೆಯ ಒಳಗೆ ಸಾಲಾಗಿ ತೂತು ಕೊರೆದು, ನಡುವಿನ ತುಂಡನ್ನು ಕಿತ್ತು, ಉಳಿದದ್ದನ್ನು ಸಣ್ಣ ಅರಗಳಿಂದ ದಿನಗಟ್ಟಲೆ ಉಜ್ಜಬೇಕಿತ್ತು. ಅದೆಲ್ಲ ಮುಗಿದ ಮೇಲೆ ಕುಲುಮೆಯಲ್ಲಿ ಕಾಯಿಸಿ ಗಡಸು ಮಾಡುವಾಗ ಅದು ಸೊಟ್ಟಗಾಗುತ್ತಿತ್ತು, ಒಮ್ಮೊಮ್ಮೆ ಮೂಲೆಯಿಂದ ಸೀಳಿಕೊಳ್ಳುತ್ತಿತ್ತು. ಹದಿನೈದು ದಿನದ ಬೆವರು ಟಪ್ ಎಂಬ ಒಂದು ಸದ್ದಿನಲ್ಲಿ ಹೋಗುತ್ತಿತ್ತು. ಹೊಸ ಯಂತ್ರದಲ್ಲಿ ಮೊದಲೇ ಗಡಸು ಮಾಡಿದ ಉಕ್ಕಿಗೆ ಒಂದು ತೂತಿನ ಮೂಲಕ ಕಾಲು ಮಿಲಿಮೀಟರಿನ ಹಿತ್ತಾಳೆ ತಂತಿ ಪೋಣಿಸಿ ಬಿಟ್ಟರೆ, ನೀರಿನೊಳಗೆ ಕಿಡಿ ಹಾರಿಸುತ್ತ ತಂತಿ ತಾನೇ ದಾರಿ ಮಾಡಿಕೊಂಡು ಹೋಗುತ್ತದೆ. ಉಕ್ಕನ್ನು ಮುಟ್ಟುವುದೂ ಇಲ್ಲ.

ಮೊದಲ ರಾತ್ರಿ ಮೇಸ್ತ್ರಿ ಮನೆಗೆ ಹೋಗಲಿಲ್ಲ. ಸ್ಟೂಲು ಹಾಕಿಕೊಂಡು ಯಂತ್ರದ ಎದುರಿಗೆ ಕುಳಿತರು. ನಾನೂ ಕುಳಿತೆ. ನೀಲಿ ಕಿಡಿಯ ಸಣ್ಣ ಚುಕ್ಕೆ ಇರುವೆಗಿಂತ ನಿಧಾನವಾಗಿ ಹರಿಯುತ್ತಿತ್ತು. ಬೆಳಿಗ್ಗೆ ಆರಕ್ಕೆ ಡೈ ಹೊರಗೆ ಬಂತು. ಅವರು ಅದನ್ನು ಒರೆಸಿ ಕಿಟಕಿಗೆ ಒಯ್ದು, ಒಳಗೋಡೆಗೆ ಮೂಲೆಮಟ್ಟ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು.

"ನನಗೆ ಹದಿನೈದು ದಿನ. ಇದಕ್ಕೆ ಒಂದು ರಾತ್ರಿ" ಎಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಕ್ಯಾಂಟೀನಿನ ಹುಡುಗ ಚಹಾ ತಂದ. ಅರ್ಧ ಲೋಟ ಕುಡಿದ ಮೇಲೆ ಅವರು ಆಪರೇಟರನ್ನು ಕರೆದು, "ಸಂದು ಎಷ್ಟು ಕೊಟ್ಟಿದ್ದೀಯಪ್ಪಾ?" ಎಂದು ಕೇಳಿದರು. ಡ್ರಾಯಿಂಗಿನಲ್ಲಿ ಇದ್ದಷ್ಟು, 50 ಮೈಕ್ರಾನ್ ಎಂದ. "ತಗಡು ಯಾವುದು?" ಒಂದು ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್. "ಸ್ಟೇನ್‌ಲೆಸ್ಸಿಗೆ 50 ಸಾಲದು. 80 ಬೇಕು" ಎಂದು ಎದ್ದು ಕೈ ತೊಳೆಯಲು ಹೋದರು. ಮಧ್ಯಾಹ್ನ ಟ್ರಯಲ್ ತೆಗೆದಾಗ ಬಿಲ್ಲೆಯ ಅಂಚಿನಲ್ಲಿ ಎರಡು ಹೊಳೆಯುವ ಪಟ್ಟಿಗಳು. ಡ್ರಾಯಿಂಗ್ ಹಾಕಿದವರು ಮಾಮೂಲಿ ಉಕ್ಕಿನ ಲೆಕ್ಕವನ್ನೇ ಇದಕ್ಕೂ ಹಾಕಿದ್ದರು. ಯಂತ್ರ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ಈ ಕಥೆಯನ್ನು ಹೇಳಿ "ನೋಡಿ, ಯಂತ್ರಕ್ಕಿಂತ ಮನುಷ್ಯ ದೊಡ್ಡವನು" ಎಂದು ಚಪ್ಪಾಳೆ ಗಿಟ್ಟಿಸಬಹುದು. ಆದರೆ ಅದು ಪೂರ್ತಿ ಸತ್ಯವಲ್ಲ. ಬೆಂಚಿನಲ್ಲಿದ್ದ ಆರು ಜನರಲ್ಲಿ ನಾಲ್ವರಿಗೆ ಮುಂದಿನ ಮೂರು ವರ್ಷಗಳಲ್ಲಿ ಕೆಲಸ ಹೋಯಿತು. ಅವರ ಕೈ ನನ್ನ ಕೈಗಿಂತ ಚೆನ್ನಾಗಿತ್ತು. ಯಾಕೆ ಸಂದು ಬಿಡುತ್ತೇವೆ ಎಂದು ಅವರು ಯಾವತ್ತೂ ಕೇಳಿರಲಿಲ್ಲ, ಅವರಿಗೆ ಯಾರೂ ಹೇಳಿಯೂ ಇರಲಿಲ್ಲ. ನಾನು ಉಳಿದದ್ದು ಮೇಸ್ತ್ರಿಯ ಪಕ್ಕದ ವೈಸ್ ಸಿಕ್ಕಿದ್ದರಿಂದ. ಆ ವೈಸ್ ನನಗೆ ಸಿಕ್ಕಿದ್ದು ಯಾಕೆಂದರೆ ಅದರ ಮೇಲೆ ಶೀಟು ಸೋರುತ್ತಿತ್ತು, ಬೇರೆಯವರಿಗೆ ಅದು ಬೇಡವಾಗಿತ್ತು. ತಮ್ಮ ಯಶಸ್ಸಿನ ಕಥೆ ಹೇಳುವವರು ಇಂಥ ಸೋರುವ ಶೀಟುಗಳನ್ನು ಬಿಟ್ಟುಬಿಡುತ್ತಾರೆ.

ನನಗೂ ಭಯ ಹತ್ತಿಕೊಂಡಿತ್ತು. 1999ರಲ್ಲಿ, ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರ್‌ಗಳೆಲ್ಲ ಕೆಡುತ್ತವಂತೆ, ಸರಿ ಮಾಡುವವರಿಗೆ ಅಮೆರಿಕದಲ್ಲಿ ಸ್ಕೋಪೋ ಸ್ಕೋಪ್ ಎಂದು ಊರೆಲ್ಲ ಹೇಳುತ್ತಿದ್ದ ಕಾಲದಲ್ಲಿ, ರಾಜಾಜಿನಗರದಲ್ಲಿ ಸಂಜೆಯ ಕಂಪ್ಯೂಟರ್ ತರಗತಿಗೆ ಸೇರಿದೆ. ಹೆಂಡತಿಯ ಬಳೆ ಅಡವಿಟ್ಟು 18,000 ರೂಪಾಯಿ ಕಟ್ಟಿದ್ದೆ. ನಾಲ್ಕು ತಿಂಗಳು ಹೋದೆ. ಬಿಟ್ಟದ್ದು ಕಸುಬಿನ ಮೇಲಿನ ಪ್ರೀತಿಯಿಂದಲ್ಲ. ನನಗೆ ಅದು ತಲೆಗೆ ಹತ್ತಲಿಲ್ಲ. ನನ್ನ ಜೊತೆ ಸೇರಿದ ಸಹೋದ್ಯೋಗಿಗೆ ಹತ್ತಿತು. ಅವನು ಈಗ ನ್ಯೂಜೆರ್ಸಿಯಲ್ಲಿದ್ದಾನೆ. ಇಂಥ ಬರಹಗಳಲ್ಲಿ ಈ ಹಂತದಲ್ಲಿ "ದುಡ್ಡಿದೆ, ಆದರೆ ನೆಮ್ಮದಿ ಇಲ್ಲ" ಎಂದು ಬರೆಯುವ ರೂಢಿ. ಅವನಿಗೆ ನೆಮ್ಮದಿಯೂ ಇದೆ. ಬಂದಾಗಲೆಲ್ಲ ನನಗೊಂದು ಒಳ್ಳೆಯ ಮೈಕ್ರೋಮೀಟರ್ ತರುತ್ತಾನೆ.

2004ರಲ್ಲಿ ದೊಡ್ಡದೊಂದು ಕಂಪನಿಯ ಟೂಲ್ ರೂಮಿಗೆ ಮ್ಯಾನೇಜರ್ ಆದೆ. ಗಾಜಿನ ಕ್ಯಾಬಿನ್, ಚಕ್ರದ ಕುರ್ಚಿ, ನೀರು ತಂದುಕೊಡುವ ಹುಡುಗ. ಏಳು ವರ್ಷ. ಮಕ್ಕಳ ಫೀಸು, ಸೈಟಿನ ಸಾಲ, ಅಪ್ಪನ ಕಣ್ಣಿನ ಆಪರೇಷನ್ ಎಲ್ಲ ಆ ಕುರ್ಚಿಯಿಂದಲೇ ಆದವು. ಟೂಲಿಗೆ ಬೆಲೆ ಹೇಳುವ ವಿದ್ಯೆ ಕಲಿತೆ, ಅದು ಸಣ್ಣ ವಿದ್ಯೆಯಲ್ಲ. ಜೊತೆಗೆ "ನೋಡೋಣ" ಎನ್ನುವುದನ್ನೂ ಕಲಿತೆ. ಕ್ರಮೇಣ ನಾನು ಮುಟ್ಟದ ಟೂಲುಗಳಿಗೆ ಸಹಿ ಹಾಕತೊಡಗಿದೆ. ಟ್ರಯಲ್ ವರದಿ ಮೇಜಿನ ಮೇಲೆ ಬರುತ್ತಿತ್ತು, ಎಲ್ಲ ಅಂಕಿಗಳೂ ಮಿತಿಯೊಳಗೆ ಇರುತ್ತಿದ್ದವು, ಸಹಿ ಬೀಳುತ್ತಿತ್ತು.

ಒಂದು ದಿನ ಗಿರಾಕಿಯ ಕಡೆಯವರು ಗೋಣಿಚೀಲ ಹೊತ್ತುಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿದರು. ಮೂವತ್ತು ಸಾವಿರ ಬಿಲ್ಲೆಗಳಲ್ಲಿ ಒಂದು ಚೀಲ. ಜೋಡಿಸುವ ಹೆಣ್ಣುಮಕ್ಕಳ ಬೆರಳು ಕೊಯ್ಯುತ್ತಿವೆ ಎಂದರು. ನಾನು ಒಂದನ್ನು ಎತ್ತಿಕೊಂಡು ಉಗುರು ಎಳೆದೆ. ಒಂದು ಸುತ್ತೂ ಬೇಕಾಗಲಿಲ್ಲ. ಕಳುಹಿಸುವ ಮುಂಚೆ ಒಂದೇ ಒಂದನ್ನು ಕೈಗೆತ್ತಿಕೊಂಡಿದ್ದರೂ ಗೊತ್ತಾಗುತ್ತಿತ್ತು. ಯಾರೂ ನನ್ನನ್ನು ಬೈಯಲಿಲ್ಲ, ಟೂಲ್ ರಿಪೇರಿಯಾಯಿತು, ವರ್ಷದ ಕೊನೆಗೆ ಬಡ್ತಿಯೂ ಬಂತು. ಬಡ್ತಿ ಬಂದದ್ದೇ ನನ್ನನ್ನು ಹೆಚ್ಚು ಕಾಡಿತು. ಅಲ್ಲಿ ನನ್ನ ಕೆಲಸವನ್ನು ಕಿಟಕಿಗೆ ಒಯ್ದು ನೋಡುವವರು ಯಾರೂ ಉಳಿದಿರಲಿಲ್ಲ. ಮೇಸ್ತ್ರಿ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.

2011ರಲ್ಲಿ ಬಿಟ್ಟೆ. ಈಗ ಪೀಣ್ಯ, ಬೊಮ್ಮಸಂದ್ರ, ಹೊಸೂರು ಕಡೆ ಕೆಟ್ಟ ಟೂಲುಗಳನ್ನು ನೋಡಲು ಕರೆಯುತ್ತಾರೆ, ಹೋಗುತ್ತೇನೆ. ಪೀಣ್ಯದ ಒಂದು ಷೆಡ್ಡಿನ ಮೂಲೆಯಲ್ಲಿ ನನ್ನದೊಂದು ಬೆಂಚಿದೆ. ಮೊದಲ ಎರಡು ವರ್ಷ ಮನೆ ನಡೆದದ್ದು ಹೆಂಡತಿಯ ಶಾಲೆಯ ಸಂಬಳದಿಂದ. 'ಮನಸ್ಸಿನ ಮಾತು ಕೇಳಿ ಕೆಲಸ ಬಿಟ್ಟೆ' ಎಂದು ಹೇಳುವ ಗಂಡಸರ ಹಿಂದೆ ಸಾಮಾನ್ಯವಾಗಿ ತಿಂಗಳ ಕೊನೆಗೆ ಸಂಬಳ ತರುವ ಒಬ್ಬಳು ಇರುತ್ತಾಳೆ. ಅದನ್ನೂ ದಾಖಲಿಸಿಬಿಡುತ್ತೇನೆ.

ಅಕ್ಕನ ಮಗನಿಗೆ ಆ ದಿನ ತೆಂಗಿನ ಮರದ ಕೆಳಗೆ ಇದನ್ನೆಲ್ಲ ಹೇಳಲಿಲ್ಲ. ಅಕ್ಕ ಕಿಟಕಿಯಲ್ಲಿ ಕಾಯುತ್ತಿದ್ದಳು, ಅವಳಿಗೆ ಹೌದು ಅಥವಾ ಇಲ್ಲ ಬೇಕಿತ್ತು. "ಸ್ಕೋಪ್ ಬಗ್ಗೆ ನನಗೆ ಗೊತ್ತಿಲ್ಲ ಕಣೋ. ಅರವತ್ತರ ದಶಕದಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕವನಿಗೆ ಹೆಣ್ಣು ಕೊಡಲು ಸಾಲು ನಿಲ್ಲುತ್ತಿದ್ದರಂತೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಆ ವಾಚ್ ಕಂಪನಿಯನ್ನೇ ಮುಚ್ಚಲು ಒಪ್ಪಿಗೆ ಕೊಟ್ಟಿತು. ಇನ್ನು ನಾನೇನು ಭವಿಷ್ಯ ಹೇಳಲಿ?" ಎಂದೆ. ಅವನ ಮುಖ ಸಪ್ಪಗಾಯಿತು. ಆಮೇಲೆ ಸಂಬಳದ ಮಾತು ಬಂತು. ಮೊದಲ ಐದು ವರ್ಷ ಸಂಬಳ ನೋಡಬೇಡ ಎಂದು ಯಾರೋ ಅವನಿಗೆ ಉಪದೇಶ ಮಾಡಿದ್ದರಂತೆ. "ನೋಡು, ಖಂಡಿತ ನೋಡು. ಮನೆ ಬಾಡಿಗೆಯನ್ನು ಆ ಉಪದೇಶಕರು ಕಟ್ಟುವುದಿಲ್ಲ. ಆದರೆ ಎರಡು ಕಡೆ ಕೆಲಸ ಸಿಕ್ಕಿ ಸಂಬಳ ಹೆಚ್ಚುಕಡಿಮೆ ಒಂದೇ ಇದ್ದರೆ, ನೀನು ಮಾಡಿದ್ದನ್ನು ನೋಡಿ ಇದು ಆಗುವುದಿಲ್ಲ ಎಂದು ವಾಪಸು ಕೊಡುವ ಯೋಗ್ಯತೆ ಇರುವವರು ಎಲ್ಲಿದ್ದಾರೋ ಅಲ್ಲಿಗೆ ಹೋಗು. ಬೈಯುವವರು ಬೇರೆ, ವಾಪಸು ಕೊಡುವವರು ಬೇರೆ. ಬೈಯುವವರು ಎಲ್ಲ ಕಡೆ ಸಿಗುತ್ತಾರೆ."

ಅವನಿಗೆ ಎಷ್ಟು ಅರ್ಥವಾಯಿತೋ. "ಒಂದು ಸಲ ಬಂದು ನೋಡಲಾ ಮಾವ?" ಎಂದ.

ಹೋದ ಶನಿವಾರ ಮೆಟ್ರೋ ಹಿಡಿದು ಪೀಣ್ಯಕ್ಕೆ ಬಂದ. ವೈರ್ ಕಟ್ ನೋಡಿದ, ಅಳತೆಗೆ ಬಳಸುವ ನುಣುಪಾದ ಉಕ್ಕಿನ ತುಂಡುಗಳಾದ ಸ್ಲಿಪ್ ಗೇಜ್‌ಗಳು ಅಂಟಿಲ್ಲದೆ ಒಂದಕ್ಕೊಂದು ಕಚ್ಚಿಕೊಳ್ಳುವುದನ್ನು ನೋಡಿ ಬಿಡಿಸಲು ಹೋಗಿ ಸುಸ್ತಾದ. ಅವನಿಗೆ ತೋರಿಸಬೇಕೆಂದೇ ಬೆಳಿಗ್ಗೆ ಅಡುಗೆಮನೆಯಿಂದ ಆ ಘನವನ್ನು ಊಟದ ಚೀಲಕ್ಕೆ ಹಾಕಿಕೊಂಡು ಬಂದಿದ್ದೆ. ಐದು ವಾರದ ಕಥೆ ಹೇಳಿ, ಚುಕ್ಕೆಯ ಮುಖವನ್ನು ಒರೆಸಿ ಕೊಟ್ಟೆ. ಮೂಲೆಮಟ್ಟ ಹೇಗೆ ಹಿಡಿಯಬೇಕೆಂದು ತೋರಿಸಿದೆ. ಅವನು ಕಿಟಕಿಗೆ ಹೋಗಿ ಒಂದು ಕಣ್ಣು ಮುಚ್ಚಿದ.

"ಮಾವ, ಬೆಳಕು ಕಾಣುತ್ತಿದೆ."

ಸರಿಯಾಗಿ ಹಿಡಿದಿಲ್ಲ ಎಂದುಕೊಂಡು ನಾನೇ ತೆಗೆದುಕೊಂಡೆ. ಒಂದು ಮೂಲೆಯ ಕಡೆ ಬಿಳಿ ಗೆರೆ. ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆಗಳನ್ನು ಒಂದೊಂದಾಗಿ ತೂರಿಸಿ ನೋಡಿದೆ. 0.05 ಮಿಲಿಮೀಟರಿನದು ಹೋಯಿತು. 0.06 ಹೋಯಿತು. 0.08 ತುಸು ಬಿಗಿಯಾಗಿ ಹೋಯಿತು. ಮೇಸ್ತ್ರಿ ಇಟ್ಟಿದ್ದ ಮಿತಿ 0.05.

"ಶುಂಠಿ ಜಜ್ಜಿ ಸವೆದಿರಬಹುದು" ಎಂದ ಹುಡುಗ, ನನಗೆ ಸಹಾಯ ಮಾಡುವವನಂತೆ. ಚುಕ್ಕೆಯ ಮುಖದಿಂದ ನಮ್ಮ ಮನೆಯಲ್ಲಿ ಯಾರೂ ಜಜ್ಜುವುದಿಲ್ಲ. ಆ ಚುಕ್ಕೆಯ ಗುಳಿಯಲ್ಲಿ ಶುಂಠಿಯ ನಾರು ಸಿಕ್ಕಿಕೊಳ್ಳುತ್ತದೆಂದು ಅಮ್ಮನೂ ಅದನ್ನು ಮೇಲೆ ಮಾಡಿಯೇ ಹಿಡಿಯುತ್ತಿದ್ದಳು, ಹೆಂಡತಿಯೂ ಹಾಗೆಯೇ. ಅರದ ಗೆರೆಗಳು ಆ ಮೂಲೆಯಲ್ಲಿ ಇನ್ನೂ ಹಾಗೇ ಇವೆ.

"ಹಾಗಾದರೆ ಅವರು ಯಾಕೆ ಪಾಸು ಮಾಡಿದರು?"

ಉಗುರು ಎಳೆದು ಪಂಚ್ ವಾಲಿದ್ದನ್ನು ಹೇಳುತ್ತಿದ್ದವರಿಗೆ 80 ಮೈಕ್ರಾನಿನ ಬೆಳಕು ಕಾಣಲಿಲ್ಲವೆಂದರೆ ನಾನು ನಂಬುವುದಿಲ್ಲ. ಆ ಶನಿವಾರ ಅವರು ಕೊನೆಯ ಮುಖವನ್ನು ಅಷ್ಟು ಹೊತ್ತು ಹಿಡಿದು ನಿಂತದ್ದು ಮತ್ತೆ ಕಣ್ಣಮುಂದೆ ಬಂತು. ಮೂಲೆಮಟ್ಟವನ್ನು ಇನ್ನೊಂದು ಸಲ ಇಟ್ಟು ನೋಡಿದೆ. ಅಷ್ಟರಲ್ಲಿ ಮೊಬೈಲ್ ಹೊಡೆದುಕೊಂಡಿತು.

"ರೀ, ಶುಂಠಿ ಜಜ್ಜುವ ಕಬ್ಬಿಣ ಕಾಣಿಸುತ್ತಿಲ್ಲ. ನೀವೇನಾದರೂ ತೆಗೆದುಕೊಂಡು ಹೋಗಿದ್ದೀರಾ?"